ಬೀರಮ್ಮ ತಿಪ್ಪೆಗೆಸೆದ ತೂತು ಮಡಕೆ

ಕೊತ್ತತ್ತಿಯ ಬೀರಮ್ಮನಿಗೆ ಬಾವಿ ನೀರೆಂದರೆ ಮೈಯುರಿ. ಗಡಸು ನೀರು, ಹೊರೆ ಸೌದೆ ಸುಟ್ಟರೂ ತೊಗರಿಬೇಳೆ ಬೇಯದು. ನಾಲೆ ಬಂದ ಮೇಲೆ ಅವಳು ಬಾವಿಯ ಕಡೆ ತಲೆ ಹಾಕಲಿಲ್ಲ. ಎಮ್ಮೆ ಮೈ ತೊಳೆಯುವ ಮೆಟ್ಟಿಲಲ್ಲೇ ಕೊಡ ಅದ್ದುವಳು. ಮಡಕೆಯೊಳಗೆ ಚಿಲ್ಲದ ಬೀಜ ತೇಯ್ದು ಕೆಸರನ್ನು ತಳಕ್ಕಿಳಿಸಿ, "ನೋಡು, ಕನ್ನಡಿ ಕಣಮ್ಮಿ!" ಎಂದು ಬೀಗುವಳು.

"ಕೆಸರು ಕೂರ್ತದೆ ಬೀರಕ್ಕ, ಕಾಯ್ಲೆ ಕೂರಾಕಿಲ್ಲ" ಎಂದಳು ಪಕ್ಕದ ಮನೆಯ ಹೊಂಬಾಳಮ್ಮ. ಮಂಡ್ಯದ ಆಸ್ಪತ್ರೆಯಲ್ಲಿ ಹೆರಿಗೆ ಕೆಲಸ ಕಲಿತು ಬಂದವಳು. ಪಕ್ಕದೂರಲ್ಲಿ ವಾಂತಿಭೇದಿ ಎಂದು ಕೇಳಿದ ದಿನವೇ ಅವಳು ಬೀರಮ್ಮನ ಜಗಲಿಯಲ್ಲಿ ಮೂರು ಮಡಕೆ ಒಂದರ ಮೇಲೊಂದು ಕೂರಿಸಿದಳು. ಮೇಲಿನದರಲ್ಲಿ ತೊಳೆದ ಮರಳು, ನಡುವಿನದರಲ್ಲಿ ಇದ್ದಿಲು, ಎರಡರ ತಳಕ್ಕೂ ಸಣ್ಣ ತೂತು. ಸೋಸಿದ ನೀರು ಕೆಳಗಿನ ಮಡಕೆಗೆ ಬೀಳಬೇಕು.

"ಇಷ್ಟೇ ಸಾಲ್ದು ಅಕ್ಕ, ಕಳಕಳ ಕುದಿಸ್ಬೇಕು. ಬಾವಿ ನೀರೂ ಕುದಿಸಿ ಆರಿಸಿದ್ರೆ ಗಡಸು ಬೆಳ್ಳಗೆ ತಳಕ್ಕೆ ಕೂರ್ತದೆ. ಮೇಲಿನ ತಿಳಿ ಬಗ್ಗಿಸ್ಕೊ, ಬೇಳೆ ಬೇಯ್ತದೆ."

ಬೀರಮ್ಮನ ಕಣ್ಣಿಗೆ ಬಿದ್ದದ್ದು ತೂತು ಮಾತ್ರ.

"ನಿನ್ ಬಾಯ್ಗೆ ಮಣ್ಣಾಕ! ತೂತು ಮಡಕೆ ಹೊರೋದು ಹೆಣದ ಸುತ್ತ ಸುತ್ತುವಾಗ. ಮುತ್ತೈದೆ ಜಗ್ಲಿಗೆ ತಂದಿಡ್ತೀಯಾ?"

"ಇರ್ಲಿ ಬುಡಮ್ಮಿ, ನೀರು ತಾನೆ" ಎಂದು ನಕ್ಕ ಗಂಡ ಹುಚ್ಚೀರಯ್ಯ.

"ನೀವು ಸುಮ್ಕಿರಿ. ನಿಮ್ ಆಯಸ್ಸಿಗೇ ಕಣ್ಣಾಕವ್ಳೆ!"

ಗಂಡನ ಆಯಸ್ಸು ಉಳಿಸಲು ಮೂರೂ ಮಡಕೆ ತಿಪ್ಪೆಗೆ ಹೋದವು. ಎಂಥ ಬುದ್ಧಿ ನೋಡಿ!

ಐದನೆಯ ದಿನ ಹುಚ್ಚೀರಯ್ಯನಿಗೆ ಬೆಳಗ್ಗೆ ಶುರುವಾದ ಭೇದಿ ಸಂಜೆಗೆ ಅವನನ್ನೇ ಮುಗಿಸಿತು. ಬಾಯೊಣಗಿ "ನೀರು, ನೀರು" ಎಂದಾಗಲೆಲ್ಲ ಬೀರಮ್ಮ ಕೈಯಾರೆ ಕುಡಿಸಿದ್ದು ಅದೇ ಕನ್ನಡಿಯಂಥ ನೀರು. ಮಾರನೆಯ ದಿನ ಮಗ ಚಿಕ್ಕಮಾದಯ್ಯ ಮಡಕೆ ಹೊತ್ತು ಅಪ್ಪನ ಸುತ್ತ ಮೂರು ಸುತ್ತು ಬಂದ. ಸುತ್ತಿಗೊಂದು ತೂತು ಕೊರೆದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತಿಥಿಯ ಮಾರನೆಯ ದಿನ ಮಗ ನಾಲೆಗೆಂದು ಕೊಡ ಎತ್ತಿಕೊಂಡ. ಬೀರಮ್ಮ ಕಿತ್ತುಕೊಂಡು ನೆಲಕ್ಕಿಟ್ಟಳು, ಕುಂಬಾರ ದೊಡ್ಡಬೀರಯ್ಯನ ಮನೆಗೆ ನಡೆದಳು.

"ಮೂರು ಮಡಕೆ ಕೊಡಪ್ಪ. ಎರಡಕ್ಕೆ ತೂತಾಕು."

ಕುಂಬಾರ ಬೆಚ್ಚಿದ. "ಮತ್ಯಾರು ಓದ್ರವ್ವ?"

"ಇರೋನು ಒಬ್ನೇ ಮಗ. ಅವ್ನು ಓಗ್ಬಾರ್ದು ಕಣಪ್ಪ."

ಹೊಂಬಾಳಮ್ಮ ಒಂದು ಮಾತೂ ಹಂಗಿಸದೆ ಬಂದು ಮರಳು ತೊಳೆದುಕೊಟ್ಟಳು. ಬೈದಿದ್ದರೆ ಎಷ್ಟೋ ಮೇಲಿತ್ತು ಎನ್ನಿಸಿತು ಬೀರಮ್ಮನಿಗೆ. ಚಿಕ್ಕಮಾದಯ್ಯ ಈಗ ಕುದಿಸಿ ಆರಿಸಿದ ನೀರನ್ನೇ ಕುಡಿಯುತ್ತಾನೆ. ಬಾವಿ ನೀರಲ್ಲಿ ಬೇಳೆಯೂ ಬೇಯುತ್ತದೆ. ಉಣ್ಣಲು ಹುಚ್ಚೀರಯ್ಯನಿಲ್ಲ.

ಅಮ್ಮಂದಿರೇ, ಅಣ್ಣಂದಿರೇ, ತಿಳಿಯಾಗಿ ಕಂಡ ನೀರನ್ನು ನಂಬಬೇಡಿ. ಸೋಸಿ, ಕುದಿಸಿ, ಮುಚ್ಚಿಡಿ. ಮರಳು, ಇದ್ದಿಲನ್ನು ಆಗಾಗ ಬದಲಾಯಿಸಿ. ತೂತು ಮಡಕೆಗೆ ಹೆದರುವಿರಾದರೆ ಇವತ್ತೇ ಜಗಲಿಗೆ ತಂದಿಡಿ, ನಾಳೆ ಅದು ನಿಮ್ಮ ಮಗನ ಹೆಗಲೇರುವುದು ಬೇಡ.