ಹೂವು ಒಟ್ಟಿಗೇ ಅರಳಿದ ವರ್ಷ

ನಾಟಿಗೆಂದು ನೀರು ಕಟ್ಟಿದ ಗದ್ದೆಗಳ ಮೇಲೆ ಇನ್ನೂ ಮಬ್ಬು ಹರಿದಿರಲಿಲ್ಲ. ಮೇ ತಿಂಗಳು, ಕಣಿವೆಯ ಎರಡೂ ಮಗ್ಗುಲಿನ ಅಕೇಶಿಯಾ ಮರಗಳು ಬಿಳಿ ಗೊಂಚಲುಗಳನ್ನು ಹೊತ್ತು ಬಾಗಿದ್ದವು. ಸಸಿ ತಟ್ಟೆಗಳನ್ನು ಹೇರಿಕೊಂಡ ಟ್ರಾಕ್ಟರೊಂದು ಎದುರಿಗೆ ಬಂತು. ಜೇನು ಸಾಕುವ ಮಾ ದಲ್ಸು ಅದಕ್ಕೆ ದಾರಿ ಬಿಟ್ಟುಕೊಟ್ಟು, ತನ್ನ ಲಾರಿಯನ್ನು ಪಿಲ್ಸುನಳ ಖಾನಾವಳಿಯ ಮುಂದೆ, ಪೂರ್ವದ ಗುಡ್ಡದ ನೆರಳಿನಲ್ಲಿ ತಂದು ನಿಲ್ಲಿಸಿದ. ಎಂಜಿನ್ ಆರಿಸಲಿಲ್ಲ. ಹಿಂದೆ ಬಲೆ ಹೊದಿಸಿದ ಜೇನುಪೆಟ್ಟಿಗೆಗಳಿದ್ದವು. ಗಾಡಿಯ ನಡುಕ ನಿಂತರೆ ಹುಳಗಳು ಹೊರಗೆ ನುಗ್ಗಲು ನೋಡುತ್ತವೆ; ಬಿಸಿಲು ಬಿದ್ದರೆ ಮುಚ್ಚಿದ ಪೆಟ್ಟಿಗೆಯೊಳಗೇ ಬೆಂದು ಸಾಯುತ್ತವೆ. ಸೂರ್ಯ ಗುಡ್ಡ ಹತ್ತುವವರೆಗೆ ಮಾತ್ರ ಅವನಿಗೆ ಪುರುಸೊತ್ತು.

ಹೂವಿನ ಹಿಂದೆ ಅಲೆಯುವುದೇ ಅವನ ಬದುಕು. ಮೊದಲು ದಕ್ಷಿಣದ ಕಡಲ ದಂಡೆ, ಅಲ್ಲಿ ಹೂವು ಉದುರುವ ಹೊತ್ತಿಗೆ ಈ ಕಣಿವೆ, ಇಲ್ಲಿ ಉದುರಿದ ಮೇಲೆ ಉತ್ತರದ ಗಡಿ ಬೆಟ್ಟ. ಈ ಕಣಿವೆಯಲ್ಲಿ ಇರುವಷ್ಟು ದಿನ ಮೂರು ಹೊತ್ತೂ ಅವನ ಊಟ ಪಿಲ್ಸುನಳ ಮನೆಯಲ್ಲಿ. ಆದರೆ ಈಚೆಗೆ ಚಳಿ ಬೇಗ ಕಳೆದು, ದಕ್ಷಿಣಕ್ಕೂ ಉತ್ತರಕ್ಕೂ ಹೂ ಬಿಡುವ ಕಾಲದಲ್ಲಿ ಅಂತರವೇ ಇಲ್ಲದಂತಾಗಿತ್ತು. ಈ ವರ್ಷವಂತೂ ಎಲ್ಲ ಕಡೆ ಒಟ್ಟಿಗೇ ಅರಳಿಬಿಟ್ಟಿತು. ಉಳಿದ ಜೇನಿನವರೆಲ್ಲ ನಡುವಿನ ಬಿಡಾರ ಕೈಬಿಟ್ಟು ಹೆದ್ದಾರಿಯಲ್ಲಿ ನೇರ ಉತ್ತರಕ್ಕೆ ಹೋಗಿದ್ದರು. ದಲ್ಸುವೂ ಹಾಗೇ ಹೋಗಬೇಕಿತ್ತು. ಅರ್ಧ ದಾರಿಯಲ್ಲಿ ಯಾಕೋ ಗಾಡಿಯನ್ನು ಹಳೆಯ ರಸ್ತೆಗೆ ತಿರುಗಿಸಿದ್ದ.

ಬಾಗಿಲ ಬಳಿಯ ಮರದ ಜಗಲಿಯ ಮೇಲೆ ನೆರೆಮನೆಯ ಹನ್ಸಾನ್ ಅಜ್ಜಿ ಬೆಳ್ಳುಳ್ಳಿ ದಂಟು ಬಿಡಿಸುತ್ತ ಕೂತಿದ್ದಳು.

“ಬಂದ್ನಲ್ಲಮ್ಮ ನಿನ್ನ ಜೇನಿನೋನು,” ಎಂದು ಒಳಗೆ ಮುಖ ಮಾಡಿ ಕೂಗಿದಳು. “ಅರಳಿದ್ದು ಸೊರಗೋ ಹೊತ್ತಿಗೆ.”

“ಸೊರಗಿಲ್ಲಬೇ ಅಜ್ಜಿ. ಇನ್ನೂ ಹಂಗ ಅದಾವ,” ಎಂದ ದಲ್ಸು, ಮರಗಳ ಕಡೆ ನೋಡಿ.

“ನಾನೂ ಹೂವಿನ ಮಾತೇ ಆಡ್ತಿರೋದು. ನೀನೇನು ಅಂದ್ಕೊಂಡೆ?”

ಪಿಲ್ಸುನ್ ಒದ್ದೆ ಕೈಯನ್ನು ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಹೋದ ವರ್ಷಕ್ಕಿಂತ ಕೂದಲು ಬೆಳ್ಳಗಾಗಿತ್ತು. ಮೊದಲು ಅವನನ್ನಲ್ಲ, ಲಾರಿಯನ್ನು ನೋಡಿದಳು.

“ಇಳಿಸಿಲ್ಲ ಪೆಟ್ಟಿಗೆಗಳನ್ನ.”

“ಈ ಸರ್ತಿ ಇಳಸೂದಿಲ್ರಿ. ಸೀದಾ ಉತ್ತರಕ್ಕ ಹೊಂಟೇನಿ. ಹೂವು ಎಲ್ಲಾ ಕಡೆ ಒಮ್ಮಿಗೇ ಅರಳ್ಯಾವ.”

ಅವಳು ಬೆಟ್ಟದ ಕಡೆ ತಿರುಗಿದಳು. “ಚಳಿ ಬೇಗ ಹೋಯ್ತು ಈ ವರ್ಷ,” ಎಂದಳು. ಆಮೇಲೆ, “ಅನ್ನ ಈಗಷ್ಟೇ ಒಲೆ ಮೇಲೆ ಇಟ್ಟೆ.”

“ಅದು ಆಗೂತನಾ ಕೂಡಾಕ ಆಗೂದಿಲ್ರಿ. ಸಾರು ಇದ್ರ ಅಷ್ಟ ಕುಡದು ಹೊಂಡ್ತೇನಿ.”

“ಸಾರು ಕುಡಿಯೋಕೆ ಹೆದ್ದಾರಿ ಬಿಟ್ಟು ಇಷ್ಟು ದೂರ ಬಂದ್ಯಾ?” ಎಂದಳು ಅಜ್ಜಿ. “ನಿಮ್ಮ ದಕ್ಷಿಣದೋರಿಗೆ ಬಾಯಾರಿಕೆ ಜಾಸ್ತಿ.”

ದಲ್ಸು ಶೂ ಕಳಚಿ ಒಳಗೆ ಹೋಗಿ ಅಡುಗೆಮನೆ ಬಾಗಿಲ ಪಕ್ಕದ ಗಿಡ್ಡ ಮೇಜಿನ ಮುಂದೆ ಕೂತ. ಪಿಲ್ಸುನ್ ಒಂದೊಂದಾಗಿ ತಂದಿಟ್ಟಳು: ಹುರಿದ ಉಪ್ಪು ಮೀನು, ಹಳೆಯ ಕಿಮ್ಚಿ ಉಪ್ಪಿನಕಾಯಿ, ಎಳೆ ಸೊಪ್ಪಿನ ಪಲ್ಯ, ಕುದಿ ಇನ್ನೂ ನಿಲ್ಲದ ಸೋಯಾ ಸಾರಿನ ಮಣ್ಣಿನ ಗಡಿಗೆ. ಆಮೇಲೆ ಅವಳು ಮಲಗುವ ಕೋಣೆಗೆ ಹೋದಳು. ಮುಂಜಾನೆಯ ಚಳಿಗೆಂದು ಅಡಿಯಿಂದ ಕಾಯಿಸಿದ ನೆಲದ ಮೇಲೆ ಮಡಿಸಿಟ್ಟ ಕೌದಿಯೊಂದಿತ್ತು. ಅದರಡಿ ಕೈ ಹಾಕಿ, ಬಟ್ಟೆ ಸುತ್ತಿದ ಮುಚ್ಚಳದ ಬಟ್ಟಲನ್ನು ಹೊರತೆಗೆದು ತಂದು ಅವನ ಮುಂದಿಟ್ಟಳು. ಮುಚ್ಚಳ ತೆಗೆದರೆ ಅನ್ನ ಬೆಚ್ಚಗಿತ್ತು.

ದಲ್ಸುವಿನ ಕೈ ಚಮಚದ ಮೇಲೇ ನಿಂತಿತು. ಹೊರಗೆ ಹೋದ ಮನೆಯವರು ಬರುವುದು ತಡವಾದರೆ ಹೀಗೆ ಕೌದಿಯಡಿ ಅನ್ನ ಇಡುತ್ತಾರೆ. ಅವನ ತಾಯಿ ಅಪ್ಪನಿಗೆ ಇಡುತ್ತಿದ್ದಳು. ಹೆಂಡತಿ ಬದುಕಿದ್ದಾಗ ಅವನಿಗೆ ಇಡುತ್ತಿದ್ದಳು. ಗಿರಾಕಿಗೆ ಯಾರೂ ಇಡುವುದಿಲ್ಲ.

“ಅದ್ಯಾರಿಗಮ್ಮ ಇಟ್ಟಿದ್ದು?” ಹೊರಗಿನಿಂದಲೇ ಅಜ್ಜಿ ಕೇಳಿದಳು. “ನಿಮ್ಮನೇಲಿ ರಾತ್ರಿ ಪಾಳಿ ಮಾಡೋರು ಯಾರಿದ್ದಾರೆ?”

“ನಿನ್ನೆ ಅಕ್ಕಿ ಹೆಚ್ಚಿಗೆ ಬಿತ್ತು.”

“ಮೊನ್ನೇನೂ ಹೆಚ್ಚಿಗೆ ಬಿತ್ತು ಅಂದಿದ್ದೆ.”

“ಅಜ್ಜಿ, ದಂಟು ಬಿಡಿಸು.”

ಅವನು ತಲೆ ಬಗ್ಗಿಸಿ ಉಂಡ. ಹಳೆಯ ರಸ್ತೆಗೆ ತಿರುಗಿದಾಗಿನಿಂದ ಬಾಯಿಪಾಠ ಮಾಡಿಕೊಂಡು ಬಂದ ಮಾತನ್ನು ಇನ್ನೂ ಆಡಿರಲಿಲ್ಲ. ಊರಿನಲ್ಲಿ ಅವನಿಗಾಗಿ ಕಾಯುವವರು ಯಾರೂ ಇರಲಿಲ್ಲ. ಮಗ ಹಡಗು ಕಟ್ಟುವ ಊರಿನಲ್ಲಿ ತನ್ನ ಸಂಸಾರ ಹೂಡಿಕೊಂಡಿದ್ದ. ಪಿಲ್ಸುನಳ ಗಂಡ ತೀರಿಹೋಗಿಯೂ ಬಹಳ ವರ್ಷವಾಗಿತ್ತು. ಇಂದು ಆಡದಿದ್ದರೆ ಆ ಮಾತಿಗೆ ಇನ್ನು ಜಾಗವೇ ಇಲ್ಲ. ಇಲ್ಲಿ ಬಿಡಾರ ಹೂಡುವ ಮೇ ತಿಂಗಳು ಇನ್ನು ಬರುವುದಿಲ್ಲ. ಆದರೆ ಈ ಸೀಮೆಯವರ ಹತ್ತಿರ ಕೇಳುವುದು ಹೇಗೆ? ಅವನ ಕಡೆಯವರು ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ. ಇಲ್ಲಿಯವರು ಎರಡನ್ನೂ ಅನ್ನುವುದಿಲ್ಲ. ಸಂತೆಯಲ್ಲಿ ಕರುವಿಗೆ ಬೆಲೆ ಕೇಳಿದರೂ ಮಳೆಯ ವಿಚಾರ ಎತ್ತುತ್ತಾರೆ.

“ಇಲ್ಲಿ ನೋಡ್ರಿ,” ಎಂದ. “ಮನಿ ಹಿಂದಿನ ದಿಬ್ಬ ಖಾಲೀನ ಐತೇನ್ರಿ?”

“ಮೆಣಸಿನಕಾಯಿ ಸಸಿ ಹಾಕೋಣ ಅಂತಿದೀನಿ.”

“ದಿಬ್ಬದ ತುಂಬಾ?”

“ಒಬ್ಬಳಿಗೆ ಎಷ್ಟು ಮೆಣಸು ಬೇಕು.”

ಅವನು ಚಮಚ ಕೆಳಗಿಟ್ಟ. “ಅಡ್ಡಾಡೂದು ಬಿಡಬೇಕು ಅಂತ ಮಾಡೇನ್ರಿ. ಪೆಟ್ಟಿಗಿ ಒಂದ ಕಡೆ ಇಟ್ಟು, ಅಕೇಶಿಯಾ ಮುಗದ್ರ ಚೆಸ್ಟ್‌ನಟ್ ಹೂವು, ಅದು ಮುಗದ್ರ ಕಾಡು ಹೂವು. ಜೇನು ಕಡಿಮಿ ಬರ್ತದ. ಬರ್ಲಿ. ಆ ದಿಬ್ಬದ ಮ್ಯಾಲ ಇಟ್ರ...” ಮುಂದಿನದನ್ನು ಒಂದೇ ಉಸಿರಿಗೆ ಹೇಳಿದ. “ಇಟ್ರ ನಾನೂ ಹತ್ರಾನ ಇರಬೇಕಾಗ್ತದ. ಚಳಿಗಾಲದಾಗೂ.”

ಹೊರಗೆ ದಂಟು ಮುರಿಯುವ ಸದ್ದು ನಿಂತಿತು. ಪಿಲ್ಸುನ್ ಮೇಜಿನ ಮೇಲಿದ್ದ ಮೀನಿನ ತಟ್ಟೆಯನ್ನು ತಿರುಗಿಸಿ, ಮಾಂಸ ಹೆಚ್ಚಿರುವ ಕಡೆಯನ್ನು ಅವನತ್ತ ಸರಿಸಿದಳು.

“ಆರಿದ್ರೆ ವಾಸನೆ ಬರುತ್ತೆ,” ಎಂದಳು.

ಅದು ಉತ್ತರವೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಲಾರಿಯಲ್ಲಿದ್ದ ಹುಳಗಳ ಗುಂಯ್‌ಗುಡುವಿಕೆ ಬದಲಾಯಿತು; ತಗ್ಗಿನಲ್ಲಿದ್ದ ಸ್ವರ ಕಿರಿದಾಗಿ ಮೇಲೇರಿತು. ಬಾಗಿಲಾಚೆ ಗುಡ್ಡದ ನೆತ್ತಿ ಹೊಳೆಯತೊಡಗಿತ್ತು. ಅವನು ಉಳಿದ ಅನ್ನಕ್ಕೆ ಸಾರು ಸುರಿದುಕೊಂಡು, ಒಂದು ಅಗುಳೂ ಬಿಡದೆ ಉಂಡು, ಎದ್ದು ಶೂ ಮೆಟ್ಟಿಕೊಂಡ.

ಲಾರಿಯ ಬಾಗಿಲು ತೆರೆಯುವಾಗ ಅವಳು ಹೊಸ್ತಿಲ ಬಳಿಗೆ ಬಂದಳು.

“ಮೆಣಸು ಅಂಗಳದಲ್ಲಿ ಒಣಗೋಕೆ ಹಾಕಿದ್ರೆ ದಿನಾ ಕೈಯಾಡಿಸ್ಬೇಕಾಗುತ್ತೆ,” ಎಂದಳು, ಯಾರಿಗೂ ಅಲ್ಲ ಎಂಬಂತೆ. “ಜೇನುಹುಳ ಕಚ್ಚಲ್ವಾ?”

“ಬೀಸಿ ಹೊಡೀಬಾರದ್ರಿ, ಅಷ್ಟ. ಸಾವಕಾಶ ಆಡಿಸಿದ್ರ ಏನೂ ಮಾಡೂದಿಲ್ಲ.”

“ಸಾವಕಾಶ ಅನ್ನೋದನ್ನ ನಮ್ಮ ಸೀಮೆಯೋರಿಗೆ ಇವನು ಹೇಳ್ಕೊಡ್ತಾನೆ,” ಎಂದಳು ಅಜ್ಜಿ.

“ಹಂಗಾದ್ರ...” ಎಂದು ದಲ್ಸು ಶುರುಮಾಡಿದ.

“ಬಿಸಿಲು ಬಂತು,” ಎಂದಳು ಪಿಲ್ಸುನ್.

ಗಾಡಿ ಗದ್ದೆಗಳ ನಡುವೆ ಸೇತುವೆಯ ಕಡೆಗೆ ಇಳಿಯಿತು. ತಿರುವಿನಲ್ಲಿ ಗೇರು ಬದಲಿಸುವಾಗ ಅಂಗಿಯ ಜೇಬು ಮೊಣಕೈಗೆ ತಾಗಿ, ಒಳಗೆ ನೋಟುಗಳು ಮಡಿಸಿದಂತೇ ಇರುವುದು ಗೊತ್ತಾಯಿತು. ಊಟದ ದುಡ್ಡು ಕೊಟ್ಟಿರಲಿಲ್ಲ. ಇಷ್ಟು ವರ್ಷಗಳಲ್ಲಿ ಒಂದು ಹೊತ್ತೂ ಅವನು ಹಾಗೆ ಎದ್ದು ಬಂದವನಲ್ಲ. ಅವಳೂ ಬೇಡವೆನ್ನದೆ ಎರಡೂ ಕೈ ಚಾಚಿ ತೆಗೆದುಕೊಂಡವಳೇ. ಕಾಲು ಬ್ರೇಕಿನ ಮೇಲೆ ಹೋಯಿತು. ಹಿಂದೆ ಹುಳಗಳು ಒಮ್ಮೆಲೇ ಮೊರೆದವು.

ಕನ್ನಡಿಯಲ್ಲಿ ಹನ್ಸಾನ್ ಅಜ್ಜಿ ಕಂಡಳು. ಜಗಲಿಯಿಂದಿಳಿದು ರಸ್ತೆಯ ನಡುವೆ ಬಂದು, ತೋಳೆತ್ತಿ ಬೀಸುತ್ತ, ನಿಲ್ಲು, ಊಟದ ದುಡ್ಡು ಎಂದು ಕೂಗುತ್ತಿದ್ದಳು. ಅವಳ ಹಿಂದಿನಿಂದ ಪಿಲ್ಸುನ್ ನಡೆದು ಬಂದಳು, ಅವಸರವೇನೂ ಇರಲಿಲ್ಲ. ಎತ್ತಿದ ಆ ಮುದಿ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. ಇಳಿಸಿದ ಮೇಲೂ ಬಿಡದೆ ಹಿಡಿದುಕೊಂಡು, ರಸ್ತೆಯನ್ನೇ ನೋಡುತ್ತ ನಿಂತಿದ್ದಳು.