ದೀಪವಿಲ್ಲದ ಹಡಗು

ಗಿರೀಶ ಬರೆದ ನಾಟಕದಲ್ಲಿ ಚಕ್ರವರ್ತಿ ಕೊನೆಗೆ ಸಾಯುತ್ತಾನೆ. ಆ ಪಾರ್ಟು ಹಾಕಿದ್ದ ಚಲುವಯ್ಯನಿಗೆ ಅದು ಹಿಡಿಸಲಿಲ್ಲ.

“ಸಾಯಾದು ಬ್ಯಾಡ ಕಣವ್ವ,” ಅಂದ, ತಾಲೀಮಿನ ಮೊದಲ ದಿನವೇ. “ನಮ್ ನೆಂಟ್ರೆಲ್ಲ ಬಂದಿರ್ತಾರೆ. ಅವ್ರ ಮುಂದೆ ನಾನು ಕಳ್ಳನ ಕೈಲಿ ಸತ್ರೆ ಏನ್ ಚೆಂದ? ಚಕ್ರವರ್ತಿ ಗೆಲ್ಲಲಿ. ಕಳ್ಳ ಬಂದು ಕಾಲಿಗ್ ಬೀಳ್ಲಿ. ಕ್ಷಮಿಸ್ಬುಟ್ಟು ಅವನ್ಗೆ ಒಂದ್ ಕೆಲ್ಸ ಕೊಡ್ತೀನಿ.”

“ಏನು ಕೆಲಸ?” ಎಂದು ಕೇಳಿದೆ.

“ನಮ್ ಗಾಡೀಗೇ ಡ್ರೈವರ್ ಮಾಡ್ಕತೀನಿ ಬುಡು.”

ಎಲ್ಲರೂ ನಕ್ಕರು. ನಾನು ಕೊನೆಯ ಹಾಳೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡೆ.

ಗಿರೀಶ ನನ್ನ ಗಂಡ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ. ಸಿಂಧಘಟ್ಟದ ನಮ್ಮ ಮನೆಯ ಜಗಲಿಯ ಮೇಲೆ ಕೂತು ಈ ನಾಟಕ ಬರೆದ. ಅದು ನಡೆಯುವುದು ನಕ್ಷತ್ರಗಳ ನಡುವೆ. ಚಕ್ರವರ್ತಿಯ ಪಡೆ ಚಿಕ್ಕ ಚಿಕ್ಕ ಚಂದ್ರಗಳನ್ನು ಒಡೆದು, ಜಲ್ಲಿ ಮಾಡಿ, ಆಕಾಶಕ್ಕೆ ರಸ್ತೆ ಹಾಕುತ್ತದೆ. ಆ ಚಂದ್ರಗಳ ಮೇಲೆ ಬದುಕಿದ್ದವರು ನೆಲ ಕಳೆದುಕೊಂಡು ಕಲ್ಲಿನ ಹಡಗುಗಳನ್ನು ದೋಚತೊಡಗುತ್ತಾರೆ. ಸಾಮ್ರಾಜ್ಯ ಅವರಿಗೆ ಬಾನ್ಗಳ್ಳರು ಎಂದು ಹೆಸರಿಡುತ್ತದೆ. ಕೊನೆಯ ಯುದ್ಧದ ಹೊತ್ತಿಗೆ ಅವರ ಬಳಿ ಗುಂಡೂ ಉಳಿದಿರುವುದಿಲ್ಲ. ಒಡೆದ ಚಂದ್ರಗಳ ದೂಳನ್ನೇ ಮೂಟೆ ಕಟ್ಟಿ ತಂದು ಪಡೆಯ ಮೇಲೆ ಸುರಿಯುತ್ತಾರೆ. ಕಣ್ಣು ಕಾಣದ ಹಡಗುಗಳು ಒಂದಕ್ಕೊಂದು ಗುದ್ದಿ ಉರಿಯುತ್ತವೆ. ಚಕ್ರವರ್ತಿ ತಾನು ಮಾಡಿದ್ದನ್ನು ತನ್ನ ಬಾಯಿಂದಲೇ ಹೇಳಿ ಸಾಯುತ್ತಾನೆ.

“ಅವನು ಸಾಯೋದು ಮುಖ್ಯ ಅಲ್ಲ,” ಎಂದು ಗಿರೀಶ ಹೇಳುತ್ತಿದ್ದ. “ಹೇಳೋದು ಮುಖ್ಯ.”

ಬರೆದು ಮುಗಿಸಿದ ವಾರ ಶ್ರೀರಂಗಪಟ್ಟಣಕ್ಕೆ ಹೋಗಿ ನನ್ನ ಅಪ್ಪನಿಗೆ ಪೂರ್ತಿ ಓದಿ ಹೇಳಿದ. ಕತ್ತಲಾಗುವ ಹೊತ್ತಿಗೆ ಬೈಕಿನಲ್ಲಿ ವಾಪಸು ಬರುತ್ತಿದ್ದ. ಪಾಂಡವಪುರ ದಾಟಿದ ಮೇಲೆ ಸಿಗುವ ಒಂದು ತಿರುವಿನಲ್ಲಿ ಜಲ್ಲಿ ತುಂಬಿದ ಟಿಪ್ಪರು ಕೆಟ್ಟು ನಿಂತಿತ್ತು. ದೀಪವಿಲ್ಲ. ಹಿಂದೆ ಬರುವವರ ಎಚ್ಚರಿಕೆಗೆ ಒಂದು ಸೊಪ್ಪಿನ ಕೊಂಬೆಯಿಲ್ಲ, ಒಂದು ಕಲ್ಲಿಲ್ಲ. ಸುದ್ದಿ ಕೇಳಿ ಮೊದಲು ಅಲ್ಲಿಗೆ ಓಡಿದವನು ಗಿರೀಶನ ತಮ್ಮ ಕಿಟ್ಟಿ. ಅವನು ನೋಡಿದಾಗ ಏನೂ ಇರಲಿಲ್ಲ. ಪೊಲೀಸರು ಬರುವ ಹೊತ್ತಿಗೆ ಕೊಂಬೆ ಇತ್ತು, ಕಲ್ಲು ಇತ್ತು, ದೀಪ ಮಿನುಗುತ್ತಿತ್ತು. ಸತ್ತವನ ತಮ್ಮನ ಮಾತು ಲೆಕ್ಕಕ್ಕೆ ಬರಲಿಲ್ಲ.

ಟಿಪ್ಪರು ಜಲ್ಲಿ ಕ್ರಷರಿನ ಮಾಲೀಕ ಚಲುವಯ್ಯನದು. “ಉಡುಗ ಓವರ್ ಸ್ಪೀಡು. ನಾನೇನ್ ಮಾಡ್ಲಿ?” ಅಂದ. ಅಷ್ಟೇ ಸಾಕಾಯಿತು. ಬಸ್‌ಸ್ಟ್ಯಾಂಡಿನಲ್ಲಿ, ಟೀ ಅಂಗಡಿಯಲ್ಲಿ, ಎಲ್ಲರೂ ಅದನ್ನೇ ಹೇಳಿದರು. ಡೈರಿಗೆ ಹಾಲು ಹಾಕಲು ಹೋದ ನನ್ನ ಅತ್ತೆ ಜಯಲಕ್ಷ್ಮಮ್ಮನಿಗೆ ಯಾರೋ ಅದೇ ಮಾತಿನಿಂದ ಸಮಾಧಾನ ಹೇಳಿದರು. “ಏನ್ ಮಾಡಕಾಯ್ತದೆ ಜಯಲಕ್ಷ್ಮಕ್ಕ, ಈಗಿನ್ ಉಡುಗ್ರು, ಸ್ಪೀಡು.” ಅತ್ತೆ ಹಾಲಿನ ಕ್ಯಾನನ್ನು ಅಲ್ಲೇ ಬಿಟ್ಟು ಬಂದರು. ಆಮೇಲೆ ಮನೆಯಿಂದ ಹೊರಗೆ ಹೋಗಲಿಲ್ಲ.

ಗಿರೀಶನ ಬೈಕನ್ನು ಸೈಕಲ್ಲುಗಳು ಹಿಂದೆ ಹಾಕುತ್ತಿದ್ದವು. ಇಡೀ ಊರಿಗೆ ಗೊತ್ತು. ಆ ಊರೇ ಓವರ್ ಸ್ಪೀಡು ಅಂದಿತು.

ವರ್ಷ ಕಳೆದ ಮೇಲೆ ಚಲುವಯ್ಯ ಹಾರ ಹಿಡಿದುಕೊಂಡು ಮನೆಗೆ ಬಂದ. ಫೋಟೋಗೆ ಹಾಕಿ ಕೈ ಮುಗಿದ. “ಮೇಷ್ಟ್ರ ನೆನಪಿಗೆ ಅವ್ರ ನಾಟ್ಕ ಆಡ್ಸನ. ಖರ್ಚೆಲ್ಲ ನಂದು,” ಅಂದ. ನಮ್ಮ ಕಡೆ ಖರ್ಚು ಹೊತ್ತವನಿಗೇ ದೊಡ್ಡ ಪಾರ್ಟು. ಕಿಟ್ಟಿ ಎದ್ದು ಹಿತ್ತಲಿಗೆ ಹೋದ. ನಾನು ಆಗಲಿ ಅಂದೆ. ಗಿರೀಶನ ಅಕ್ಷರ ನನ್ನ ಬಿಟ್ಟು ಬೇರೆ ಯಾರಿಗೂ ಅರ್ಥವಾಗುವುದಿಲ್ಲ. ಹಾಗಾಗಿ ಪಕ್ಕದ ಪರದೆಯ ಮರೆಯಲ್ಲಿ ನಿಂತು ಮಾತು ಹೇಳಿಕೊಡುವ ಕೆಲಸ ನನ್ನದಾಯಿತು.

ಚಲುವಯ್ಯ ಮಾತು ಕಲಿಯಲಿಲ್ಲ. ಕಲಿಯುವ ಅಗತ್ಯವೂ ಅವನಿಗೆ ಕಾಣಲಿಲ್ಲ. ಕಿವಿಗೆ ಬಿದ್ದದ್ದನ್ನು ಗಂಟಲು ತೆರೆದು ಕೂಗುತ್ತಿದ್ದ. ಒಮ್ಮೆ ನಾನು “ಎಡಕ್ಕೆ ತಿರುಗಿ” ಅಂದೆ. “ಎಡಕ್ಕೆ ತಿರುಗಿ” ಎಂದು ಗದೆ ಎತ್ತಿ ಅಬ್ಬರಿಸಿ, ಅಲ್ಲೇ ನಿಂತ.

ಹಾರ್ಮೋನಿಯಂ ಮೇಷ್ಟ್ರು ನಂಜುಂಡಯ್ಯ ಬಾರಿಸುವುದನ್ನು ನಿಲ್ಲಿಸಿದರು. “ಚಲುವಯ್ಯ, ಕಿವಿಯಿಂದ ಬಾಯಿಗೆ ನೇರವಾಗಿ ಪೈಪು ಹಾಕಿಸಿದ್ದೀಯಾ? ನಡುವೆ ತಲೆ ಅಂತ ಒಂದು ಸ್ಟಾಪು ಇದೆ ಕಣಯ್ಯ.”

“ಆ ಸ್ಟಾಪಲ್ಲಿ ಯಾರೂ ಅತ್ತಾಕಿಲ್ಲ, ಇಳಿಯಾಕಿಲ್ಲ,” ಅಂದ ಕಿಟ್ಟಿ. ಬಾನ್ಗಳ್ಳರ ನಾಯಕನ ಪಾರ್ಟು ಅವನದು.

“ಲೇ ಕಿಟ್ಟಿ, ಬಾಯ್ ಮುಚ್ಕಂಡ್ ಕಾಲಿಗ್ ಬೀಳಾದ್ ಕಲ್ತ್ಕಳ್ಲಾ,” ಎಂದು ಚಲುವಯ್ಯ ನಕ್ಕ. ಆಮೇಲೆ ನನ್ನ ಕಡೆ ತಿರುಗಿದ. “ನಂಗೆ ಒಂದೇ ಒಂದ್ ಒನ್ಸ್ ಮೋರ್ ಬಿದ್ಬುಟ್ರೆ ಸಾಕು ಕಣವ್ವ.”

ನಮ್ಮ ನಾಟಕಗಳಲ್ಲಿ ಜನ ಒನ್ಸ್ ಮೋರ್ ಅಂದರೆ ಹಾಡನ್ನೋ ಮಾತನ್ನೋ ಇನ್ನೊಮ್ಮೆ ಕೊಡಲೇಬೇಕು. ಸತ್ತವರೂ ಎದ್ದು, ಹಾಡಿ, ಮತ್ತೆ ಸಾಯುತ್ತಾರೆ. ಸ್ಟೇಜಿನ ಮೇಲೆ ಸತ್ತವರು.

ಕೊನೆಯ ಯುದ್ಧಕ್ಕೆ ದೂಳು ಬೇಕು ಎಂದೆ.

“ಡಸ್ಟಾ? ಎಷ್ಟ್ ಲೋಡ್ ಬೇಕು ಯೋಳವ್ವ,” ಅಂದ. “ನಮ್ ಕ್ರಷರಲ್ಲಿ ಅದ್ ಬುಟ್ರೆ ಇನ್ನೇನೈತೆ?”

ಆಟದ ಹಿಂದಿನ ದಿನ ಕಿಟ್ಟಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಅತ್ತೆ ಒಳಗೆ ಹುರುಳಿಕಾಳು ಆರಿಸುತ್ತಿದ್ದರು.

“ನಾನು ಅವನ್ ಕಾಲಿಗ್ ಬೀಳಾಕಿಲ್ಲ ಅತ್ಗೆ.”

“ಬೀಳಬೇಡ.”

“ಮತ್ತೆ?”

“ದೂಳು ಎರಚು. ಕಣ್ಣಿಗೇ ಎರಚು. ಗಿರೀಶ ಬರೆದ ಹಾಗೇ ಮುಗಿಸುತ್ತೇನೆ. ಒಂದು ವಾಕ್ಯ ಮಾತ್ರ ನನ್ನದು.”

ಅತ್ತೆ ಕಾಳಿನಿಂದ ತಲೆ ಎತ್ತಲಿಲ್ಲ. “ನಾಳಿಕ್ ನಾನೂ ಬತ್ತೀನಿ,” ಅಂದರು.

ಭಾನುವಾರ ಮಧ್ಯಾಹ್ನ ಕೆ.ಆರ್. ಪೇಟೆಯ ಸಭಾಂಗಣ ತುಂಬಿತು. ಸೀನರಿ ನಾಗಮಂಗಲದ ತಿಮ್ಮರಾಜುವಿನದು. ಅವನ ಬಳಿ ಇದ್ದದ್ದು ಪೌರಾಣಿಕ ನಾಟಕಗಳ ರಥಗಳು. ಕುದುರೆಗಳನ್ನು ಬಿಚ್ಚಿ, ಬೆಳ್ಳಿ ಕಾಗದ ಅಂಟಿಸಿ, ಅವನ್ನೇ ಚಕ್ರವರ್ತಿಯ ಹಡಗುಗಳನ್ನಾಗಿ ಮಾಡಿದ್ದ. ದೇವರನ್ನು ಮೇಲಿನಿಂದ ಇಳಿಸುವ ತಂತಿಯಲ್ಲಿ ಈ ಸಲ ಬಾನ್ಗಳ್ಳರ ದೋಣಿ ಇಳಿಯಬೇಕಿತ್ತು.

ಮೊದಮೊದಲು ಜನ ನಕ್ಕರು. ಆಮೇಲೆ ನಗು ನಿಂತಿತು. ಚಂದ್ರವೊಂದನ್ನು ಒಡೆಯುವ ದೃಶ್ಯದಲ್ಲಿ ನಂಜುಂಡಯ್ಯನವರು ಹಾರ್ಮೋನಿಯಮ್ಮಿನ ಒಂದೇ ಸ್ವರದ ಮನೆಯನ್ನು ಒತ್ತಿ ಹಿಡಿದರು. ಅದು ಮುಗಿಯುವವರೆಗೂ ಯಾರೂ ಕೆಮ್ಮಲಿಲ್ಲ. ಬಂಡೆ ಸಿಡಿಸುವ ಮುಂಚಿನ ಸೈರನ್ನಿನಂಥ ಆ ಸದ್ದು ಕಲ್ಲುಗಣಿಗಳ ಸುತ್ತ ಬದುಕುವವರಿಗೆ ಗೊತ್ತು.

ಕೊನೆಯ ಯುದ್ಧ ಬಂತು. ಕಪ್ಪು ಪರದೆಯ ಮೇಲೆ ನಕ್ಷತ್ರಗಳು. ಚಕ್ರವರ್ತಿಯ ಪಡೆ ಸಾಲಾಗಿ ನಿಂತಿತು. ನಡುವಿನ ಹಡಗಿನ ಮೇಲೆ ಕಿರೀಟ ತೊಟ್ಟ ಚಲುವಯ್ಯ. ಮೇಲಿನಿಂದ ತಂತಿ ಕಿರುಗುಟ್ಟಿತು. ಮುರುಕು ದೋಣಿಯಲ್ಲಿ ಬಾನ್ಗಳ್ಳರು ಇಳಿದರು.

“ನಮ್ಮ ಚಂದ್ರವನ್ನು ತಂದಿದ್ದೇವೆ,” ಎಂದು ಕಿಟ್ಟಿ ಕೂಗಿದ. “ತೆಗೆದುಕೋ.”

ಮೂಟೆ ಬಿಚ್ಚಿದ. ಕ್ರಷರಿನ ದೂಳು ಬಿಳಿ ಮೋಡವಾಗಿ ಪಡೆಯ ಮೇಲೆ ಇಳಿಯಿತು. ಒಂದು ಹಡಗು ಪಕ್ಕದ ಹಡಗಿಗೆ ಗುದ್ದಿತು. ಕೆಂಪು ದೀಪಗಳು ಹತ್ತಿದವು. ಸೈನಿಕರು ಕಿರುಚುತ್ತ ಸ್ಟೇಜಿನ ಅಂಚಿಗೆ ಉರುಳಿದರು. ಇನ್ನೊಂದು ಮೂಟೆ. ಬಾನ್ಗಳ್ಳರೂ ಕಾಣದಾದರು, ನಕ್ಷತ್ರಗಳೂ ಕಾಣದಾದವು. ಕಿಟ್ಟಿ ಮೂರನೆಯದನ್ನು ಚಕ್ರವರ್ತಿಯ ಮುಖಕ್ಕೇ ಎಸೆದ. ಅದು ನಟನೆಯಾಗಿರಲಿಲ್ಲ. ನನಗೆ ಹಾಯೆನಿಸಿತು.

ಚಲುವಯ್ಯ ಕಣ್ಣುಜ್ಜಿಕೊಳ್ಳುತ್ತ, ಒಂದು ಕೈಯಲ್ಲಿ ಹಡಗನ್ನು ಹಿಡಿದು, ನನ್ನ ಕಡೆಗೆ ಕಿವಿ ಚಾಚಿದ. ಈಗ ಅವನಿಗೆ ಉಳಿದಿದ್ದದ್ದು ನನ್ನ ದನಿ ಮಾತ್ರ.

ನನ್ನ ಕೈಯಲ್ಲಿ ಹಾಳೆ ಇರಲಿಲ್ಲ. ಬೇಕಿರಲಿಲ್ಲ.

“ಕೇಳಿರಿ, ನಕ್ಷತ್ರಗಳೇ,” ಎಂದು ಹೇಳಿಕೊಟ್ಟೆ.

“ಕೇಳಿರಿ, ನಕ್ಷತ್ರಗಳೇ.”

“ಈ ದೂಳು ನನ್ನದು.”

“ಈ ದೂಳು ನನ್ನದು.” ಎದೆ ತಟ್ಟಿಕೊಂಡ. ಹಿಂದಿನ ಸಾಲುಗಳಿಂದ ಅವನ ಕಡೆಯವರು ಸಿಳ್ಳೆ ಹಾಕಿದರು.

“ಚಂದ್ರವನ್ನು ಪುಡಿ ಮಾಡಿದವನು ನಾನು.”

“ಚಂದ್ರವನ್ನು ಪುಡಿ ಮಾಡಿದವನು ನಾನು.” ಇನ್ನೂ ದೊಡ್ಡ ಸಿಳ್ಳೆ. ಜಂಬದ ಮಾತೆಂದುಕೊಂಡ. ಗದೆ ಎತ್ತಿದ.

ಇಲ್ಲಿಗೆ ಗಿರೀಶನ ಮಾತು ಮುಗಿಯುತ್ತದೆ. ಮುಂದಿನದು ನನ್ನದು.

“ತಿರುವಿನಲ್ಲಿ, ಕತ್ತಲಲ್ಲಿ, ದೀಪವಿಲ್ಲದ ಹಡಗನ್ನು ನಿಲ್ಲಿಸಿದವನು ನಾನು.”

ಅವನು ಉಸಿರು ಎಳೆದುಕೊಂಡ. “ತಿರುವಿನಲ್ಲಿ,” ಎಂದು ಅಬ್ಬರಿಸಿದ, “ಕತ್ತಲಲ್ಲಿ, ದೀಪವಿಲ್ಲದ ಹಡಗನ್ನು ನಿಲ್ಲಿಸಿದವನು ನಾನು.” ಗದೆಯಿಂದ ನೆಲ ಕುಟ್ಟಿದ.

ಸಿಳ್ಳೆ ಬರಲಿಲ್ಲ. ದೂಳು ನಿಧಾನಕ್ಕೆ ಇಳಿಯುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆ ಎದ್ದು ನಿಂತರು. ಹುಟ್ಟಿದಾಗಿನಿಂದ ನಾಟಕದಲ್ಲಿ ಕೂಗಿದವರಲ್ಲ. ಕೂಗಲೂ ಇಲ್ಲ. ಪಕ್ಕದ ಮನೆಯವರ ಜೊತೆ ಮಾತಾಡುವ ದನಿಯಲ್ಲೇ ಹೇಳಿದರು.

“ಒನ್ಸ್ ಮೋರ್.”

ಯಾರೋ ಹಿಂದಿನಿಂದ ಅದನ್ನೇ ಹೇಳಿದರು. ಆಮೇಲೆ ಇನ್ನೊಬ್ಬರು. ಡೈರಿಯಲ್ಲಿ ಸಮಾಧಾನ ಹೇಳಿದ ಹೆಂಗಸರ ಸಾಲಿನಿಂದಲೂ ಬಂತು. ಒಂದು ವರ್ಷ ಎಲ್ಲಿದ್ದಿರಿ ಎಂದು ಕೇಳಬೇಕೆನಿಸಿತು. ಇಡೀ ಸಭಾಂಗಣ ಕೂಗಿತು. ನಂಜುಂಡಯ್ಯನವರು ನನ್ನತ್ತ ಒಮ್ಮೆ ನೋಡಿ, ಅದೇ ಶ್ರುತಿ ಹಿಡಿದರು.

ಚಲುವಯ್ಯನಿಗೆ ಇನ್ನೂ ತಿಳಿದಿರಲಿಲ್ಲ. ಮುಖದ ತುಂಬ ದೂಳು, ಅದರೊಳಗೆ ಹಲ್ಲು. ಬೇಕು ಬೇಕೆಂದು ಕಾದಿದ್ದು ಕೊನೆಗೂ ಬಿದ್ದಿತ್ತು. ಜನಕ್ಕೆ ಕೈ ಮುಗಿದು ಮತ್ತೆ ನನ್ನತ್ತ ಕಿವಿ ಕೊಟ್ಟ. ನಾನು ಹೇಳಿಕೊಟ್ಟೆ.

“ತಿರುವಿನಲ್ಲಿ,” ಅಂದ. “ಕತ್ತಲಲ್ಲಿ. ದೀಪವಿಲ್ಲದ ಹಡಗನ್ನು ನಿಲ್ಲಿಸಿದವನು...”

ಅಲ್ಲಿ ನಿಂತ. ಈಗ ಮಾತು ಅವನ ತಲೆಗೆ ತಲುಪಿತ್ತು. ಉರಿಯುವ ಕಣ್ಣುಗಳನ್ನು ಕಷ್ಟಪಟ್ಟು ತೆರೆದು ಮುಂದಿನ ಸಾಲನ್ನು ನೋಡಿದ. ಅತ್ತೆ ನಿಂತೇ ಇದ್ದರು.

“ಪರದೆ ಎಳೀಲಾ,” ಅಂದ, ತುಟಿಯಲ್ಲೇ.

ತಿಮ್ಮರಾಜು ನನ್ನ ಎದುರಿನ ಮೂಲೆಯಲ್ಲಿ ಹಗ್ಗ ಹಿಡಿದು ನಿಂತಿದ್ದ. ಅವನೂ ಆ ರಸ್ತೆಯಲ್ಲೇ ಓಡಾಡುವವನು. ಹಗ್ಗವನ್ನು ಕಂಬಕ್ಕೆ ಸುತ್ತಿ, ಕೈ ಕಟ್ಟಿಕೊಂಡ.

ನಾನು ಮರೆಯಿಂದ ಈಚೆ ಬಂದೆ. ದೂಳು ಕಾಲಿಗೆ ತಣ್ಣಗಿತ್ತು.

“ನಾನು,” ಎಂದು ಹೇಳಿಕೊಟ್ಟೆ.

ಅವನು ಪರದೆಯ ಹಗ್ಗದ ಕಡೆಗೇ ನೋಡಿದ.

“ನಾನು,” ಅಂದೆ, ಎಲ್ಲರಿಗೂ ಕೇಳುವ ಹಾಗೆ. ನಂಜುಂಡಯ್ಯನವರು ಶ್ರುತಿ ಬಿಡಲಿಲ್ಲ.