ಕೊಯ್ದು ನೋಡಿದ ಟ್ರಾನ್ಸಿಸ್ಟರ್

ಗುಡುಗ ಅಂಗಡಿಗೆ ನುಗ್ಗಿದವನೇ ಕೌಂಟರಿನ ಮೇಲಿದ್ದ ಗಾಜಿನ ಪೆಟ್ಟಿಗೆಯನ್ನು ಎತ್ತಿ ನೆಲಕ್ಕೆ ಕುಕ್ಕಿದ. ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುವ ಅವನಿಗೆ ಆ ಅಡ್ಡಹೆಸರು ಬಿದ್ದದ್ದು ಅವುಗಳ ಸದ್ದಿನಿಂದ. ಅವನ ಬಾಯೇನೂ ಕಡಿಮೆಯಿರಲಿಲ್ಲ. ಬಿಡಿಭಾಗಗಳ ಈ ಅಂಗಡಿ ಅವನ ಅಕ್ಕನ ಗಂಡನದು.

"ನೀನು ಕೊಟ್ಟ ಟ್ರಾನ್ಸಿಸ್ಟರ್ ಹಾಕಿ ಸ್ವಿಚ್ ಒತ್ತಿದ್ದೇ ತಡ, ಆಂಪ್ಲಿಫೈಯರ್‌ಗೆ ಬೆಂಕಿ ಹತ್ತಿತು. ನನ್ನ ಹೆಂಡತಿ ತೋಳು ಮೊಣಕೈತನಕ ಸುಟ್ಟುಹೋಗಿದೆ. ನಕಲಿ ಮಾಲು ಕೊಡೋಕೆ ನಾನೇ ಸಿಕ್ಕಿದ್ನಾ?"

ಅಕ್ಕನ ಮದುವೆಯಾದಂದಿನಿಂದ "ಭಾವ, ನೀವು" ಎನ್ನುತ್ತಿದ್ದವನು ಇವತ್ತು ಏಕವಚನಕ್ಕೆ ಇಳಿದಿದ್ದ. ಭಾವನ ಮುಖ ಬಿಳಿಚಿಕೊಂಡಿತು.

"ನಕಲಿ ಅಂತ ಹೇಗೆ ಹೇಳ್ತೀಯ? ತಡಿ, ಕೊಯ್ದು ನೋಡೋಣ."

ನ್ಯಾಯವಾದ ಮಾತೇ. ಈ ದಂಧೆಯ ಮೋಸವೆಲ್ಲ ಹೊಟ್ಟೆಯೊಳಗೆ. ಪುಟಾಣಿ ಸಿಲಿಕಾನ್ ಚಿಪ್ಪನ್ನು ದೊಡ್ಡ ಲೋಹದ ಡಬ್ಬಿಯಲ್ಲಿ ಕೂರಿಸಿ, ಮೇಲೆ ದೊಡ್ಡ ಕಂಪನಿಯ ನಂಬರು ಒತ್ತಿದರೆ ಎಂಥ ಪಳಗಿದ ಕೈಯೂ ಬೇಸ್ತು ಬೀಳುತ್ತದೆ. ಅಂಗೈಯಲ್ಲಿ ತೂಗಿ, ಅಕ್ಷರ ಅಳಿಸುತ್ತದೆಯೇ ಎಂದು ಥಿನ್ನರ್ ಹಚ್ಚಿ ಉಜ್ಜಿ, ಮೀಟರಿನಲ್ಲಿ ಅಳೆದು ಆರಿಸಬಹುದು. ಖಾತ್ರಿಯಾಗಬೇಕಾದರೆ ಮಾತ್ರ ಡಬ್ಬಿಗೆ ಗರಗಸ ಹಾಕಲೇಬೇಕು.

ಆದರೆ ಕೇಳುವ ಕಿವಿ ಇದ್ದರಲ್ಲವೆ? ಮೊದಲ ಗುದ್ದಿಗೇ ಭಾವನ ಹಲ್ಲು ಉದುರಿತು. ಆಮೇಲಿನವು ಕಣ್ಣಿನ ಮೇಲೆ ಬಿದ್ದವು. ಭಾವ ಮೇಜು ಹಿಡಿದು ಏಳಲು ನೋಡಿದಾಗ, ಗುಡುಗ ಅಲ್ಲಿದ್ದ ಕಬ್ಬಿಣದ ಟ್ರಾನ್ಸ್‌ಫಾರ್ಮರನ್ನು ಎತ್ತಿ ಅವನ ಬೆರಳುಗಳ ಮೇಲೆ ಜಜ್ಜಿದ. ಎಲುಬು ಮುರಿದ ಸದ್ದು ಗುಡುಗನಿಗೇ ಕೇಳಿಸಿತು. ಕೇಳಿಸಿ ಹಿತವೂ ಆಯಿತು, ಸುಳ್ಳೇಕೆ. ಒಳಗಿನಿಂದ ಓಡಿಬಂದ ಅಕ್ಕ ಅಂಗಿ ಹಿಡಿದು ಜಗ್ಗಿದಳು. ಅವಳನ್ನೂ ಮೊಣಕೈಯಿಂದ ತಳ್ಳಿ, ಬಿದ್ದವನ ಪಕ್ಕೆಗೆ ಒದೆಯುತ್ತಲೇ ಇದ್ದ. ಕಾಲು ಸೋತ ಮೇಲಷ್ಟೇ ನಿಲ್ಲಿಸಿದ.

"ಈಗಲಾದ್ರೂ ಕೊಯ್ದು ನೋಡೋ, ಪಾಪಿ," ಎಂದಳು ಅಕ್ಕ. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆಯಿಂದ ರಕ್ತ ಒರೆಸತೊಡಗಿದಳು.

ಗುಡುಗ ಜೇಬಿನಿಂದ ಸುಟ್ಟ ಟ್ರಾನ್ಸಿಸ್ಟರ್ ತೆಗೆದು ಮೇಜಿನ ಕಬ್ಬಿಣದ ವೈಸಿಗೆ ಬಿಗಿದು ಗರಗಸ ಆಡಿಸಿದ. ನಕಲಿಯಾಗಿದ್ದರೆ ತಾನು ಹೆಂಡತಿಗಾಗಿ ಹೊಡೆದ ಗಂಡಸು. ಅಸಲಿಯಾಗಿದ್ದರೆ ತಾನು ಏನು ಎಂದು ಯೋಚಿಸಲು ಅವನಿಗೆ ಧೈರ್ಯವಾಗಲಿಲ್ಲ.

ಮುಚ್ಚಳ ಕಳಚಿತು. ಒಳಗೆ ಕಿರುಬೆರಳಿನ ಉಗುರಿನಷ್ಟು ಅಗಲದ ಚಿಪ್ಪು, ತಾಮ್ರದ ಹಾಸಿನ ಮೇಲೆ ಕರಕಲಾಗಿ ಕೂತಿತ್ತು. ಅಪ್ಪಟ ಅಸಲಿ. ತಿರುಗಿಸಿ ತಳ ನೋಡಿದ. ತಳಕ್ಕೂ ಶಾಖ ಹೀರುವ ತಗಡಿಗೂ ನಡುವೆ ತೆಳ್ಳನೆಯ ಮೈಕಾ ಹಾಳೆ ಇರಬೇಕು, ಇಲ್ಲದಿದ್ದರೆ ಕರೆಂಟು ನೇರ ತಗಡಿಗೆ ಹರಿಯುತ್ತದೆ. ಇಲ್ಲಿ ಲೋಹಕ್ಕೆ ಲೋಹ ತಾಗಿ ಸುಟ್ಟ ಗುರುತಿತ್ತು. ಹಾಡು ಕೇಳುವ ಆತುರದಲ್ಲಿ ಹಾಳೆ ಇಡಲು ಮರೆತವನು ಅವನೇ. ಹೆಂಡತಿಯ ತೋಳು ಸುಟ್ಟವನೂ ಅವನೇ.

ಅಕ್ಕನಿಗೆ ಈ ವಿದ್ಯೆ ತಿಳಿಯದು. ಭಾವನ ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು.

"ಎಷ್ಟಿದೆಯೋ ಚಿಪ್ಪು?" ಎಂದು ಕೇಳಿದ ಭಾವ.

ಗುಡುಗ ಟ್ರಾನ್ಸಿಸ್ಟರನ್ನು ಮುಷ್ಟಿಯಲ್ಲಿ ಮುಚ್ಚಿದ.

"ಅಕ್ಕಿಕಾಳಷ್ಟೂ ಇಲ್ಲ," ಎಂದ.

ಒರೆಸುತ್ತಿದ್ದ ಅಕ್ಕನ ಕೈ ನಿಂತಿತು. ಗಂಡನ ತಲೆಯನ್ನು ತೊಡೆಯಿಂದ ನೆಲಕ್ಕಿಳಿಸಿ ಎದ್ದಳು. "ನಿನ್ನ ಹೆಂಡತಿ ಹತ್ರ ಹೋಗ್ತೀನಿ," ಎಂದವಳು ಗಾಜು ತುಳಿದುಕೊಂಡೇ ಹೊರಗೆ ನಡೆದಳು.

"ಹಾಗಾದ್ರೆ ಮಾಲು ಕೊಟ್ಟವರು ನನಗೂ ಟೋಪಿ ಹಾಕಿದ್ದಾರೆ," ಎಂದ ಭಾವ, ಬಾಯಲ್ಲಿ ತುಂಬಿದ ರಕ್ತ ಉಗುಳಿ. "ನೀನು ಹೊಡೆದದ್ದು ಸರಿ ಕಣೋ. ನಾನು ಒಂದು ಕೊಯ್ದು ನೋಡಿಯೇ ನಿನಗೆ ಕೊಡಬೇಕಿತ್ತು." ಮುರಿದ ಬೆರಳುಗಳಿಂದ ನೆಲ ತಡಕಾಡಿ ಗುಡುಗನ ಪಾದ ಮುಟ್ಟಿದ. "ತಪ್ಪಾಯ್ತಪ್ಪ."

ಗುಡುಗ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.